ಕಳಸದ ಸರ್ವರಿಗೆ ರಾಹುಕಾಲ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಂಪನಿಯೊಂದರಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಮೂಡಿಗೆರೆ ಮತ್ತು ಕಳಸದ ನಮ್ಮ ಡಿಪೋಗಳಲ್ಲಿ ಒಂದೊಂದು ಸರ್ವರ್, ಇನ್ನೊಂದು ನನ್ನ ಮೇಜಿನ ಕೆಳಗೆ. ಎಲ್ಲದರಲ್ಲೂ ಓಡುವುದು ಒಂದೇ ಜಾವಾ ಅಪ್ಲಿಕೇಶನ್. ಬೇರೆಯಾಗಿದ್ದುದು ಒಂದು ಸಣ್ಣ ಕಾನ್ಫಿಗ್ ಫೈಲ್ ಮಾತ್ರ. ನೀನು ಇಂಥ ಊರಿನ ಡಿಪೋ, ನಿನ್ನ ಬೆಳೆಗಾರರು ಇಂಥವರು ಎಂದು ಸರ್ವರಿಗೆ ಹೇಳಿಕೊಡುವುದು ಅದೇ. ಹೊಸ ಆವೃತ್ತಿ ಹಾಕಿದಾಗಲೆಲ್ಲ ಅದರೊಳಗಿನ ಚಿಕ್ಕಮಗಳೂರಿನ ಫೈಲು ಎಲ್ಲ ಕಡೆಗೂ ಹೋಗಿ ಕೂರುತ್ತಿತ್ತು. ಆಮೇಲೆ ನಾನು ಒಂದೊಂದನ್ನೇ ತಿದ್ದಬೇಕು. ಆ ಫೈಲನ್ನು ಅಪ್ಲಿಕೇಶನ್ನಿನ ಹೊರಗೆ ಇಡೋಣ ಎಂದು ಮ್ಯಾನೇಜರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. "ನಡೀತಾ ಇರೋದನ್ನ ಯಾಕ್ರೀ ಕೆದಕ್ತೀರಿ?" ಎನ್ನುತ್ತಿದ್ದರು ಪುಣ್ಯಾತ್ಮರು.

ಆ ಶುಕ್ರವಾರ ಮೂಡಿಗೆರೆಯ ಕೆಲಸ ಮುಗಿಸಿ ಕಳಸದ ಸರ್ವರಿಗೂ ಹೊಸದನ್ನು ಹಾಕಿದೆ. ಇನ್ನು ಫೈಲು ತಿದ್ದಬೇಕು, ಅಷ್ಟರಲ್ಲಿ ಹತ್ತೂವರೆಯಾಯಿತು. ಮ್ಯಾನೇಜರು ಎದ್ದು ಬಂದು ನನ್ನ ಮೌಸ್ ಎತ್ತಿಕೊಂಡರು.

"ರಾಹುಕಾಲ ಶುರುವಾಯ್ತು. ಹನ್ನೆರಡರವರೆಗೆ ಏನೂ ಮುಟ್ಟಬೇಡಿ."

"ಸರ್, ಇದು ಹೊಸ ಕೆಲಸ ಅಲ್ಲ. ಅರ್ಧ ಆಗಿರೋದು!"

"ಉಳಿದರ್ಧ ಹೊಸದೇ ಅಲ್ವೇನ್ರೀ?"

ನನ್ನ ಕರ್ಮ! ಕೀಬೋರ್ಡ್ ಇದೆಯಲ್ಲ ಎಂದು ಕೈ ಚಾಚಿದೆ. ಅದನ್ನೂ ಕಿತ್ತುಕೊಂಡು ಡ್ರಾಯರಿಗೆ ಹಾಕಿ ಬೀಗ ಜಡಿದರು.

ಆಗ ಕಳಸದ ಡಿಪೋದಲ್ಲಿ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿದ. ಸ್ಪೀಕರಿಗೆ ಹಾಕಿದೆ. "ಸರ್, ನಮ್ಮ ಸಿಸ್ಟಮ್ ತಾನು ಚಿಕ್ಕಮಗಳೂರು ಅಂತಾ ಉಂಟು. ಇಲ್ಲಿ ಹೊಸದಾಗಿ ತೋಟ ನೋಡ್ಕೊಳ್ಳೋ ಅಕ್ಕಾವ್ರು ಜೀಪಲ್ಲಿ ಪಾರ್ಚ್‌ಮೆಂಟ್ ಕಾಫಿ ತಂದಿದ್ದಾರೆ. ಅವರು ಈ ಡಿಪೋದವರೇ ಅಲ್ಲ ಅಂತದೆ, ಗೇಟಿನ ಚೀಟಿ ಬರ್ತಿಲ್ಲ."

ಆ ಹೆಂಗಸನ್ನು ನಾನು ಬಲ್ಲೆ. ಪಾಲಿಗೆ ಬಂದ ತೋಟವನ್ನು ಭಾವಂದಿರಿಗೆ ಬಿಟ್ಟುಕೊಡದೆ ತಾನೇ ನೋಡಿಕೊಳ್ಳುತ್ತೇನೆಂದು ಹಟ ಹಿಡಿದವರು. ಅದು ಅವರ ಮೊದಲ ಬೆಳೆ. ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು, ಕಣದಲ್ಲಿ ಹದವಾಗಿ ಒಣಗಿಸಿದ ಕಾಫಿ. ಒಮ್ಮೆ ನೆನೆದರೆ ಬಣ್ಣ ಕೆಟ್ಟು ಬೆಲೆ ಬೀಳುತ್ತಿತ್ತು, ಭಾವಂದಿರು ಕೈತಟ್ಟಿ ನಗುತ್ತಿದ್ದರು.

"ಮಳೆ ಹೇಗಿದೆ ಅಲ್ಲಿ?"

"ಕಪ್ಪಾಗಿ ಕೂತಿದೆ ಸರ್. ಜೀಪಿನ ಟಾರ್ಪಲ್ ಬೇರೆ ಹರಿದಿದೆ."

"ಹಾಗಾದ್ರೆ ಗೇಟ್ ತೆಗಿ ಮಾರಾಯ! ಇಲ್ಲಿ ರಾಹುಕಾಲ ಅಂತ ನನ್ನ ಕೀಬೋರ್ಡಿಗೆ ಬೀಗ ಹಾಕಿದ್ದಾರೆ."

"ಚೀಟಿ ಇಲ್ಲದೆ ತೆಗೆದ್ರೆ ನನ್ನ ಕೆಲಸ ಹೋಗ್ತದೆ. ಮ್ಯಾನೇಜರ್ ಸಾಹೇಬ್ರೇ ಹೇಳಿದ್ದು."

ಮ್ಯಾನೇಜರ ಮುಖ ನೋಡಿದೆ. ಹೌದು, ನಾನೇ ಹೇಳಿದ್ದು ಎಂದು ಹೆಮ್ಮೆಯಿಂದ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಆ ಹೆಂಗಸೇ ಫೋನ್ ಕಿತ್ತುಕೊಂಡರು.

"ಕಂಪ್ಯೂಟರಿಗೂ ರಾಹುಕಾಲವಾ? ಥೂ, ನಾಚಿಕೆ ಆಗೋದಿಲ್ವಾ ನಿಮಗೆ! ಒಂದು ಹನಿ ಬಿದ್ರೂ ಈ ಮೂಟೆಗಳನ್ನೆಲ್ಲ ನಿಮ್ಮ ಮ್ಯಾನೇಜರ್ ಮನೆ ಅಂಗಳದಲ್ಲಿ ಸುರೀತೇನೆ!"

ಸ್ಪೀಕರಿನಲ್ಲಿದ್ದ ಮಾತು ಮ್ಯಾನೇಜರಿಗೂ ಕೇಳಿಸಿತು. ಬೆವರು ಒರೆಸಿಕೊಂಡರೇ ಹೊರತು ಬೀಗದ ಕೈ ಕೊಡಲಿಲ್ಲ. ಆಗ ನನಗೆ ಹೊಳೆಯಿತು. ಕಳಸದ ಹಳೇ ಅಪ್ಲಿಕೇಶನ್ನನ್ನು ನಾನು ಅಳಿಸಿರಲಿಲ್ಲ. ತಿದ್ದಿದ ಫೈಲಿನ ಸಮೇತ ಪಕ್ಕಕ್ಕಿಟ್ಟಿದ್ದೆ.

"ಸರ್, ಹೊಸದೇನೂ ಮಾಡಲ್ಲ. ಹಾಕಿದ್ದನ್ನ ತೆಗೆದು ಹಳೇದನ್ನೇ ವಾಪಸ್ ಇಡ್ತೀನಿ. ವಾಪಸ್ ಹೋಗೋದಕ್ಕೂ ರಾಹುಕಾಲ ಇದೆಯಾ?"

ಮ್ಯಾನೇಜರು ಯೋಚನೆಗೆ ಬಿದ್ದರು. ತಮ್ಮ ತಾಯಿಗೆ ಫೋನ್ ಮಾಡಿ, ಜಾವಾ ಎಂದರೇನು ಎಂಬಲ್ಲಿಂದ ವಿವರಿಸಿದರು. ಆ ಅಜ್ಜಿ ಎಲ್ಲವನ್ನೂ ಸಮಾಧಾನವಾಗಿ ಕೇಳಿ ಕೊನೆಗೆ, "ಬಿಟ್ಟು ಬಂದ ಮನೆಗೇ ತಿರುಗಿ ಹೋಗೋದಕ್ಕೆ ಯಾರಾದ್ರೂ ಕಾಲ ನೋಡ್ತಾರೇನೋ?" ಎಂದು ಗದರಿದರು. ಡ್ರಾಯರ್ ತೆರೆಯಿತು.

ಕಳಸದ ನೆಟ್‌ವರ್ಕ್ ತೆವಳುತ್ತಿತ್ತು. ಬಾ ತಾಯಿ, ಬೇಗ ಬಾ ಎಂದು ಪರದೆಗೆ ಗೋಗರೆದೆ. ಕೊನೆಗೂ ಸರ್ವರಿಗೆ ತಾನು ಯಾರೆಂದು ನೆನಪಾಯಿತು. ರೈಟರ್ ಫೋನಿನಲ್ಲೇ ಕೂಗಿದ: "ಚೀಟಿ ಬಂತು ಸರ್!" ಜೀಪು ಶೆಡ್ಡಿನ ಒಳಗೆ ಬಂದದ್ದೂ, ತಗಡಿನ ಮೇಲೆ ಮಳೆ ಧಬಧಬ ಬಿದ್ದದ್ದೂ ಒಟ್ಟಿಗೇ ಕೇಳಿಸಿತು. ಒಂದು ಮೂಟೆಯೂ ನೆನೆಯಲಿಲ್ಲವಂತೆ. ನನ್ನ ಕಣ್ಣಲ್ಲಿ ನಿಜವಾಗಿ ನೀರು ಬಂತು.

"ಫೋನ್ ಮೇಡಂಗೆ ಕೊಡು," ಎಂದೆ. "ಇನ್ನೇನೂ ತೊಂದರೆ ಇಲ್ಲ ಮೇಡಂ. ಈಗಲೇ ತೂಕ ಹಾಕಿಸಿಬಿಡಿ."



"ಹನ್ನೆರಡು ಆಗಿಲ್ವಲ್ಲ ಇನ್ನೂ," ಎಂದರು ಅವರು, ದನಿ ತಗ್ಗಿಸಿ. "ನನ್ನ ಮೊದಲ ಬೆಳೆ ಮಾರಾಯ್ರೇ. ರಾಹುಕಾಲದಲ್ಲಿ ತೂಕ ಹಾಕಿಸೋದಾ?"