ಮಾವನ ಜರಡಿ, ಅತ್ತೆಯ ಸಿಪ್ಪೆ

ಮೊನ್ನೆ ಬೈಂದೂರಿನ ಸೋದರಮಾವನ ಮನೆಗೆ ಹೋದಾಗ ಚಾವಡಿಯಲ್ಲೇ ಕಿತ್ತಳೆಯ ವಾಸನೆ ಬಂತು. ಹಣ್ಣು ಕೊಡುತ್ತಾರೆಂದು ಆಸೆಯಿಂದ ಕೂತೆ. ಮಾವ ಒಂದು ಹೊಳೆಯುವ ಡಬ್ಬಿ ತೆರೆದು, ಪುಡಿಯನ್ನು ನೀರಿಗೆ ಕದಡಿ, ತೀರ್ಥದ ಹಾಗೆ ಕಣ್ಣು ಮುಚ್ಚಿ ಕುಡಿದರು. ಅದು ಒಣಗಿಸಿದ ಕಿತ್ತಳೆ ಸಿಪ್ಪೆಯ ಪುಡಿ ಅಂತೆ. ಅವರಿಗೀಗ ಸಕ್ಕರೆ ಕಾಯಿಲೆ. "ಇದ್ರಗೆ ನಾರಿತ್ತ್, ಫ್ಲೇವನಾಯ್ಡ್ ಇತ್ತ್. ಕುಂದಾಪ್ರದ ಡಾಕ್ಟ್ರೇ ಹೇಳದ್ದ್" ಎಂದರು. ಒಳಗೆ ಅತ್ತೆ ಕಾಯಿ ತುರಿಯುವ ಸದ್ದು ಸ್ವಲ್ಪ ಜೋರಾಯಿತು.

ನಿಮಗೆ ಹಿಂದಿನ ಕತೆ ಗೊತ್ತಿಲ್ಲ, ಹೇಳುತ್ತೇನೆ. ಮಾವ ಮುಂಬೈಯ ಹೋಟೆಲು ಸಾಕಾಗಿ ಊರಿಗೆ ಬಂದು ಜ್ಯೂಸ್ ಅಂಗಡಿ ಇಟ್ಟವರು. ಅವರ ಹೆಮ್ಮೆಯೆಲ್ಲ ಜರಡಿಯಲ್ಲಿತ್ತು. ಒಂದೆಳೆ ತಿರುಳು ಲೋಟಕ್ಕೆ ಬಿದ್ದರೂ ಅದು ಜ್ಯೂಸಲ್ಲ, ದನಕ್ಕಿಡುವ ಅಕ್ಕಚ್ಚು ಎನ್ನುತ್ತಿದ್ದರು. ಹಣ್ಣಿನಲ್ಲಿದ್ದ ಒಳ್ಳೆಯದನ್ನೆಲ್ಲ ಶ್ರದ್ಧೆಯಿಂದ ಬುಟ್ಟಿಗೆ ಹಾಕಿ, ಉಳಿದ ಸಿಹಿನೀರನ್ನು ಊರಿಗೆ ಕುಡಿಸಿದರು. ನಾನೂ ಬಿಟ್ಟಿ ಕುಡಿದವನು, ಹೆಚ್ಚು ಮಾತಾಡಬಾರದು.

ಅತ್ತೆ ಆ ಸಿಪ್ಪೆ, ತಿರುಳುಗಳಲ್ಲಿ ಚೆನ್ನಾದದ್ದನ್ನು ಆರಿಸಿ ಮನೆಗೆ ತರುತ್ತಿದ್ದರು. ಉಪ್ಪುನೀರಲ್ಲಿ ಕುದಿಸಿ, ಕಹಿ ಬಸಿದು, ಹುಳಿ, ಬೆಲ್ಲ, ಮೆಣಸು ಹಾಕಿ ಗೊಜ್ಜು ಮಾಡುತ್ತಿದ್ದರು. ಗಂಜಿಗೆ ಅದೊಂದಿದ್ದರೆ ನನಗೆ ಮೀನೂ ಬೇಡ. ಕರಾವಳಿಯವನ ಬಾಯಲ್ಲಿ ಇದು ಸಣ್ಣ ಮಾತಲ್ಲ. ಮಾವ ಮಾತ್ರ ಮುಟ್ಟುತ್ತಿರಲಿಲ್ಲ. "ಹಿಂಡಿ ಬಿಸಾಡದ್ದನ್ನ್ ಸಾವ್ಕಾರನ ಹೆಂಡ್ತಿ ತಿಂತ್ಳ್ ಅಂದ್ರೆ ನನ್ ಮರ್ಯಾದಿ ಎಂತ ಆಪುದ್?" ಎನ್ನುತ್ತಿದ್ದರು. ನೆಂಟರು ಬಂದರೆ ಗೊಜ್ಜಿನ ಭರಣಿ ಅಟ್ಟ ಸೇರಬೇಕಿತ್ತು. ಅತ್ತೆಗೆ ಅದರಿಂದ ನೋವಾಗುತ್ತಿತ್ತು. ಗಂಡ ಒಮ್ಮೆಯಾದರೂ ಅದನ್ನು ನಾಲಿಗೆಗೆ ಹಚ್ಚಲಿ ಎಂಬುದಷ್ಟೇ ಅವರ ಆಸೆ. ಹಿತ್ತಲ ಗಿಡ ಮದ್ದಲ್ಲ ನೋಡಿ. ಡಬ್ಬಿಯಲ್ಲಿ ಬಂದರೆ ಮಾತ್ರ ಮದ್ದು.

ಮೊನ್ನೆ ಊಟಕ್ಕೆ ಕೂತಾಗ ಅತ್ತೆ ನನಗೊಬ್ಬನಿಗೇ ಗೊಜ್ಜು ಬಡಿಸಿದರು. ಮಾವ ನನ್ನ ಬಟ್ಟಲನ್ನೇ ನೋಡುತ್ತಾ, "ಇದ್, ನನ್ ಪುಡಿ, ಎರಡೂ ಒಂದೇ ಅಲ್ದಾ?" ಎಂದು ಕೇಳಿದರು.

"ಒಂದೇ. ನಿಮ್ದ್ರಗೆ ರುಚಿ ಇಲ್ಲ, ಅಷ್ಟೇ" ಎಂದೆ.

ಮಾವ ತಮ್ಮ ಬಟ್ಟಲನ್ನು ಅತ್ತೆಯ ಕಡೆ ಸರಿಸಿ, ದನಿ ತಗ್ಗಿಸಿ ಹೇಳಿದರು. "ಚೂರ್ ಹಾಕ್. ಯಾರಿಗೂ ಹೇಳ್ಬೇಡ."

ಅತ್ತೆ ಧಾರಾಳವಾಗಿ ಬಡಿಸಿದರು. ಮಾವ ಒಂದು ತುತ್ತು ನುಂಗುವವರೆಗೆ ಕಾದರು. ಆಮೇಲೆ ಕಿಟಕಿಯ ಹತ್ತಿರ ಹೋಗಿ, ಬಾವಿಕಟ್ಟೆಯಲ್ಲಿದ್ದ ಪಕ್ಕದ ಮನೆಯಾಕೆಯನ್ನು ಕರೆದರು.

"ಹ್ವಾಯ್, ಒಂಚೂರ್ ಬಂದ್ ಕಾಣಿ. ನಮ್ಮನಿಯೋರ್ ಸಿಪ್ಪಿ ತಿಂತಿದ್ರ್."

ಮಾವ ತಲೆ ಎತ್ತಲಿಲ್ಲ. ಬಟ್ಟಲನ್ನೂ ಬಿಡಲಿಲ್ಲ.