ಖಾಲಿ ಹೋಗಬಾರದ ಗಾಡಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಗಾಡಿಯ ಬಣ್ಣ ಹಸಿರು ಎಂದು ನನ್ನ ನೆನಪು, ಅವ್ವ ನೀಲಿ ಎನ್ನುತ್ತಾಳೆ. ನಾವು ಹೋದದ್ದು ಸಂಕ್ರಾಂತಿಗೆ ಮುಂಚೆಯೋ ಆಮೇಲೋ, ಅದೂ ಖಚಿತವಿಲ್ಲ. ದಾರಿಯುದ್ದಕ್ಕೂ ಕುಸುಬಿ ಹೂ ಬಿಟ್ಟಿತ್ತು ಎಂದು ಕಣ್ಣಿಗೆ ಕಟ್ಟಿದ ಹಾಗಿದೆ, ಆದರೆ ಆ ಹಳದಿ ಬೇರೆ ಯಾವುದೋ ಪ್ರಯಾಣದಿಂದ ಬಂದು ಇದರೊಳಗೆ ಸೇರಿಕೊಂಡಿರಲೂಬಹುದು. ದಿನಚರಿ ಬರೆಯುವ ರೂಢಿ ನನಗೆ ವಿಶ್ವವಿದ್ಯಾಲಯದಲ್ಲಿ ಓದುವಾಗಿನಿಂದ ಇದೆ. ಮಕ್ಕಳು ಚಿಕ್ಕವರಿದ್ದ ಆ ವರ್ಷ ಮಾತ್ರ ಏನೂ ಬರೆಯಲಾಗಲಿಲ್ಲ. ನಿದ್ದೆಗೂ ಎಚ್ಚರಕ್ಕೂ ನಡುವೆ ಗೋಡೆಯೇ ಇಲ್ಲದ ವರ್ಷ ಅದು. ಹಾಲು ಕುಡಿಸುತ್ತ ತೂಕಡಿಸುವಾಗ ಕಂಡದ್ದು ಯಾವುದು, ನಿಜವಾಗಿ ನಡೆದದ್ದು ಯಾವುದು ಎಂದು ಈಗ ಬೇರ್ಪಡಿಸಲು ಹೋದರೆ ಎರಡೂ ಒಂದೇ ಬಟ್ಟೆಯ ನೂಲಿನಂತೆ ಬರುತ್ತವೆ.

ಗಾಡಿ ಎಂದರೆ ನಡೆಯಲು ಕಲಿಯುವ ಮಕ್ಕಳು ಹಿಡಿದು ತಳ್ಳುವ ಮೂರು ಗಾಲಿಯ ಮರದ ಗಾಡಿ. ಜೇವರ್ಗಿ ಹತ್ತಿರದ ನಮ್ಮ ತವರೂರಿನ ಬಡಿಗನೊಬ್ಬ ಅಕ್ಕ ಹುಟ್ಟಿದಾಗ ಮಾಡಿಕೊಟ್ಟದ್ದು. ಪೇಟೆಯ ಗಾಡಿಗಳಲ್ಲಿ ಇರದ ಒಂದು ಪುಟ್ಟ ತೊಟ್ಟಿ ಅದರ ಮುಂಭಾಗದಲ್ಲಿದೆ. ಅಕ್ಕ, ನಾನು, ಚಿಕ್ಕಪ್ಪನ ಮಕ್ಕಳು, ಆಮೇಲೆ ನನ್ನ ಮಗಳು, ಎಲ್ಲರೂ ಅದನ್ನೇ ಹಿಡಿದು ನಡೆದವರು. ಒಂದು ಮನೆಯ ಮಗು ಕೈಬಿಟ್ಟು ನಡೆಯತೊಡಗಿದರೆ ಗಾಡಿ ಮುಂದಿನ ಮಗುವಿನ ಮನೆಗೆ ಹೊರಡುತ್ತದೆ. ತವರಿನ ಹಿರಿಯ ಹೆಂಗಸೇ ಅದನ್ನು ಒಯ್ದು ಮುಟ್ಟಿಸಬೇಕು, ತೊಟ್ಟಿಯ ತುಂಬ ಚುರುಮರಿ, ಪುಟಾಣಿ, ಬೆಲ್ಲ, ಒಣಕೊಬ್ಬರಿ ಇರಬೇಕು. ಇದು ಊರಿನ ಪದ್ಧತಿಯೋ ನಮ್ಮ ಮನೆಯದು ಮಾತ್ರವೋ ನನಗೆ ಗೊತ್ತಿಲ್ಲ. ಅವ್ವನನ್ನು ಕೇಳಿದರೆ, "ಹೆಣ್ಣುಮಗಳ ಮನೀಗಿ ಖಾಲಿ ಕೈಲೆ ಹೋಗ್ತಾರೇನಬೇ?" ಎಂದು ನನ್ನನ್ನೇ ಕೇಳುತ್ತಾಳೆ.

ಆ ಸಲ ಸರದಿ ತಪ್ಪಿತ್ತು. ಅಕ್ಕನ ಮಗಳು ನನ್ನ ಮಗನಿಗಿಂತ ದೊಡ್ಡವಳು, ಗಾಡಿ ಮೊದಲು ಅವಳಿಗೇ ಹೋಗಬೇಕಿತ್ತು. ಆದರೆ ಅವಳು ಎದ್ದು ನಿಲ್ಲುತ್ತಲೇ ಇರಲಿಲ್ಲ. ನನ್ನ ಮಗ ಮಂಚ ಹಿಡಿದು ಓಡಾಡತೊಡಗಿದಾಗ ಅಕ್ಕನೇ ಫೋನು ಮಾಡಿ, "ನಿನಗೇ ಇರಲಿ ತಂಗಿ, ನಮ್ಮಕಿಗೆ ಇನ್ನೂ ತಡ ಅದ" ಎಂದಿದ್ದಳು. ಹಾಗೆ ಗಾಡಿ ಅಫಜಲಪುರದ ನಮ್ಮ ಬಾಡಿಗೆ ಮನೆಗೆ ಬಂತು. ಮಗ ಅದನ್ನು ಹಿಡಿದು ಓಡಿದ, ಬಿಟ್ಟು ಓಡಿದ. ಅಕ್ಕನ ಮಗಳಿಗೆ ಎರಡು ವರ್ಷ ಹತ್ತಿರವಾಗುತ್ತಿತ್ತು. ಕಲಬುರಗಿಯ ಡಾಕ್ಟರು ಮಗುವಿನಲ್ಲಿ ದೋಷವೇನೂ ಇಲ್ಲ, ಕಾಯಿರಿ ಎಂದಿದ್ದರು. ಕಾಯುವುದು ಎಂಬ ಮಾತು ಡಾಕ್ಟರಿಗೆ ಸುಲಭ. ಅಕ್ಕ ಮಗಳ ವಿಡಿಯೋ ಕಳಿಸುವುದನ್ನು ನಿಲ್ಲಿಸಿದ್ದಳು. ಫೋನಿನಲ್ಲಿ ಮಳೆ, ತೊಗರಿ, ಬಸ್ಸು ಎಲ್ಲದರ ಮಾತಾಗುತ್ತಿತ್ತು, ಕಾಲಿನ ಮಾತು ಬರುತ್ತಿರಲಿಲ್ಲ. ಒಮ್ಮೆ ಮಾತ್ರ ಅವಳು ಹೇಳಿದ್ದು ಚೆನ್ನಾಗಿ ನೆನಪಿದೆ, ಅಥವಾ ಚೆನ್ನಾಗಿ ನೆನಪಿದೆ ಎಂದುಕೊಂಡಿದ್ದೇನೆ: "ಆಕಿ ಮೊದಲನೇ ಹೆಜ್ಜಿ ಇಡೂದು ಒಂದು ನೋಡಿಬಿಟ್ರ ಸಾಕು ನನಗ. ಆಮ್ಯಾಲ ಎಷ್ಟು ತಡ ಮಾಡ್ಲಿ, ಮಾಡ್ಲಿ."

ಹಾಗಾಗಿ ಗಾಡಿ ಅಕ್ಕನ ಗಂಡನ ಊರಾದ ಮಾದನಹಿಪ್ಪರಗಾಕ್ಕೆ ಹೊರಟಿತು. ಅವ್ವ ಹಿಂದಿನ ದಿನವೇ ಜೇವರ್ಗಿಯಿಂದ ಗಾಣಗಾಪುರದ ಮೇಲೆ ಹಾಯ್ದು ಅಫಜಲಪುರಕ್ಕೆ ಬಂದಳು. ಚುರುಮರಿ, ಬೆಲ್ಲವನ್ನೆಲ್ಲ ತವರುಮನೆಯಿಂದಲೇ ತಂದಿದ್ದಳು, ಅಂಗಡಿಯದು ನಡೆಯುವುದಿಲ್ಲವಂತೆ. ಬೆಳಿಗ್ಗೆ ತೊಟ್ಟಿ ತುಂಬಿ ಮೇಲೊಂದು ಟಾವೆಲ್ ಹೊದಿಸಿ ಕಟ್ಟಿದಳು. ನನ್ನ ಗಂಡನಿಗೆ ರಜೆ ಇರಲಿಲ್ಲ. ಅವ್ವ, ನಾನು, ಆರು ವರ್ಷದ ಮಗಳು, ಮಡಿಲಲ್ಲಿ ಮಗ, ಕಾಲ ಬಳಿ ಗಾಡಿ. ಆಳಂದದ ಬಸ್ಸು ಹತ್ತಿದೆವು.

ಕಂಡಕ್ಟರ್ ಗಾಡಿಯನ್ನು ನೋಡಿ, "ಆಯಿ, ಇದಕ್ಕ ಗಾಲಿ ಅವ ಅಲ್ರಿ, ತಾನೇ ಬರ್ತಿತ್ತಲ್ಲ. ಬಸ್ಸಿನ್ಯಾಗ ಯಾಕ ತಂದ್ರಿ?" ಎಂದ.

"ನಿನ್ನ ಬಸ್ಸಿಗೂ ಗಾಲಿ ಅವ, ಅದರ ಟೈಮಿಗೆ ಬರ್ತದೇನಪ್ಪ?" ಎಂದಳು ಅವ್ವ. ಮುಂದಿನ ಸೀಟಿನವರೆಲ್ಲ ನಕ್ಕರು.

ಆ ಪ್ರಯಾಣ ನನ್ನ ನೆನಪಿನಲ್ಲಿ ನೀರಿನಡಿಯಿಂದ ನೋಡಿದಂತಿದೆ. ಗಾಜು ಸರಿಯಾಗಿ ಮುಚ್ಚದ ಕಿಟಕಿಯಿಂದ ತಣ್ಣನೆಯ ಗಾಳಿ, ಅದರ ಹಿಂದೆಯೇ ಬಿಸಿಲು. ಕರಿ ಮಣ್ಣಿನ ಹೊಲಗಳು ನಿಧಾನಕ್ಕೆ ತಿರುಗುತ್ತಿದ್ದವು. ದೂರದಲ್ಲಿ ಯಾರೋ ಸೀತನಿ ಸುಡುತ್ತಿದ್ದರೆಂದು ಕಾಣುತ್ತದೆ, ಎಳೆ ಜೋಳದ ತೆನೆ ಬೆಂಕಿಗೆ ಬಿದ್ದ ವಾಸನೆ ಬಸ್ಸಿನೊಳಗೆ ಬಂದು ಹೋಯಿತು. ಮಗನ ತಲೆ ನನ್ನ ತೋಳಿನ ಮೇಲೆ ಭಾರವಾಯಿತು. ನಾನೂ ಕಣ್ಣು ಮುಚ್ಚಿದ್ದೆ. ಮಗಳು ಕಿಟಕಿಯಾಚೆ ಕಂಡದ್ದನ್ನೆಲ್ಲ ಹೆಸರಿಸುತ್ತಿದ್ದಳು: ಎತ್ತು, ಟ್ರ್ಯಾಕ್ಟರ್, ಆಡು, ಮತ್ತೊಂದು ಆಡು. ನಡುನಡುವೆ ಯಾವುದೋ ಕೂಸು ಅಳುವುದು, ಅಳು ನಿಲ್ಲುವುದು, ಅವ್ವ "ತಗೋ ನನ ಬಂಗಾರ" ಎನ್ನುವುದು ಕೇಳಿಸುತ್ತಿತ್ತು. ಆಳಂದದಲ್ಲಿ ಇಳಿದು ಬೇರೆ ಬಸ್ಸು ಹತ್ತಿದೆವು. ಅಲ್ಲಿಯೂ ಕೂಸುಗಳಿದ್ದವು, ಅಲ್ಲಿಯೂ ಅವ್ವನ ದನಿ ಕೇಳಿಸಿತು. ನಾನು ಕಣ್ಣು ಬಿಟ್ಟು ನೋಡಲಿಲ್ಲ.

ಅಕ್ಕನ ಮನೆಯ ಅಂಗಳಕ್ಕೆ ಬಂದಾಗ ಅವಳ ಅತ್ತೆ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದರು. ಅಕ್ಕ ಓಡಿ ಬಂದು ನನ್ನ ಮಗನನ್ನು ಎತ್ತಿಕೊಂಡಳು. ಅವಳ ಮಗಳು ಕಟ್ಟೆಯ ಬುಡದಲ್ಲಿ ಕೂತು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ಎಷ್ಟು ಗಂಭೀರ ಮುಖ, ಬಂದ ಕೆಲಸವೇನು ಎಂದು ವಿಚಾರಿಸುವ ಹಿರಿಯರ ಹಾಗೆ.

"ಬರ್ರಿ ಬೀಗತ್ಯಾರ, ಬರ್ರಿ," ಎಂದರು ಅಕ್ಕನ ಅತ್ತೆ. "ಗಾಡಿ ತುಂಬಿ ತಂದೀರೇನ್ರಿ, ಇಲ್ಲ ಬರೇ ಗಾಲಿ ತಂದೀರಿ?"

"ತುಂಬಿ ತುಳಕಾಕತ್ತದ, ನೋಡ್ರಿ," ಎಂದು ಅವ್ವ ಟಾವೆಲ್ ತೆಗೆದಳು.

ತೊಟ್ಟಿಯ ಮೂಲೆಯಲ್ಲಿ ನಾಲ್ಕು ಚುರುಮರಿ ಕಾಳು, ಒಂದು ಕೊಬ್ಬರಿ ಚೂರು.

ಅವ್ವ ಕೈಯನ್ನು ಬಾಯಿಗೆ ಒಯ್ದಳು. "ಅಯ್ಯ ನನ ಶಿವನೇ! ಕೂಸುಗೋಳು ಅಳಾಕತ್ತಿದ್ವು, ಒಂದೊಂದ ಹಿಡಿ ಕೊಟ್ಟೆ. ಒಂದೊಂದ ಹಿಡಿ ಅಷ್ಟ."

"ಹಂಗಾದ್ರ ಬಸ್ಸಿನ್ಯಾಗಿನ ಕೂಸುಗೋಳೆಲ್ಲ ಇಷ್ಟೊತ್ತಿಗಿ ನಡದಿರಬೇಕು ಬಿಡ್ರಿ," ಎಂದರು ಅತ್ತೆ, ಮೊರದಿಂದ ಕಣ್ಣೆತ್ತದೆ.

ಅದು ತಮಾಷೆಯ ಮಾತೇ. ಆದರೆ ಅಕ್ಕ ನಗಲಿಲ್ಲ. ಅವಳು ಓದಿದವಳು, ಗಾಡಿ ಖಾಲಿ ಬಂದರೆ ಮಗು ನಡೆಯುವುದಿಲ್ಲ ಎಂಬಂಥದನ್ನೆಲ್ಲ ನಂಬುವವಳಲ್ಲ. ನಾನೂ ನಂಬುವುದಿಲ್ಲ. ಹೀಗಿದ್ದೂ ನಾವಿಬ್ಬರೂ ಆ ಖಾಲಿ ತೊಟ್ಟಿಯನ್ನು ನೋಡಿದ ರೀತಿ ಒಂದೇ ಆಗಿತ್ತು. ಅಂಗಡಿಗೆ ಹೋಗಿ ತರುತ್ತೇನೆ ಎಂದೆ. "ಅಂಗಡಿದು ತವರಿಂದಾಗ್ತದೇನಬೇ?" ಎಂದು ಅವ್ವ ಗದರಿದಳು. ಅಕ್ಕ ನನ್ನ ಮಗನನ್ನು ಕೆಳಗಿಳಿಸಿ, "ಇರಲಿ ಬಿಡವ್ವಾ, ದಣದು ಬಂದೀರಿ, ಚಹಾ ಇಡ್ತೇನಿ" ಎಂದು ಒಳಗೆ ಹೋದಳು. ಅವಳು ಬೆನ್ನು ತಿರುಗಿಸಿದ ವೇಗದಲ್ಲಿ ಏನೋ ಇತ್ತು. ಅದನ್ನು ನಾನು ಆಗಲೇ ಗಮನಿಸಿದೆನೋ, ಆಮೇಲೆ ಸೇರಿಸಿಕೊಂಡೆನೋ.

ನನ್ನ ಮಗಳು ತಮ್ಮನ ಕಂಕುಳಿಗೆ ಕೈ ಹಾಕಿ ಎಳೆದಾಡಿ, ಅವನನ್ನು ತೊಟ್ಟಿಯಲ್ಲಿ ಕೂರಿಸಿಯೇ ಬಿಟ್ಟಳು. ಅವನು ಕಾಲು ಮಡಚಿ ರಾಜನ ಹಾಗೆ ಕೂತ.

"ಆಯಿ, ಈಗ ಎಲ್ಲಿ ಖಾಲಿ ಅದ? ತಮ್ಮ ಕುಂತಾನಲ್ಲ!"

ಅತ್ತೆ ಮೊರ ಕೆಳಗಿಟ್ಟು ನಕ್ಕರು. "ಹೌದಲ್ಲಬೇ! ತವರಿನ ಗಂಡಸೇ ಬಂದು ಕುಂತಾನ. ಇನ್ನೇನು ಬೇಕು?" ಅವ್ವನೂ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ನಕ್ಕಳೋ, ಅತ್ತಳೋ.

ಆಗ ಕಟ್ಟೆಯ ಬುಡದಲ್ಲಿದ್ದ ಮಗು ತೆವಳುತ್ತ ಬಂತು. ತನ್ನ ಅಂಗಳದಲ್ಲಿ, ತನಗೆಂದು ಬಂದ ಗಾಡಿಯಲ್ಲಿ, ಯಾರೋ ಕೂತಿದ್ದಾನೆ ಎಂಬುದು ಅವಳಿಗೆ ಸೇರಿರಲಿಕ್ಕಿಲ್ಲ. ಗಾಡಿಯ ಹಿಂದೆ ಹೋಗಿ ಹಿಡಿಕೆಗೆ ಕೈ ಹಾಕಿದಳು. ಎದ್ದಳು. ಇದಕ್ಕೆ ಮುಂಚೆ ಅಕ್ಕ ಪೇಟೆಯಿಂದ ಒಂದು ಗಾಡಿ ತಂದಿದ್ದಳು; ಅದು ಹಗುರ, ಹಿಡಿದ ಕೂಡಲೇ ಮುಂದೆ ಓಡುತ್ತಿತ್ತು, ಒಮ್ಮೆ ಅದರಿಂದ ಬಿದ್ದವಳು ಮತ್ತೆ ನಿಲ್ಲಲು ಒಪ್ಪಿರಲಿಲ್ಲ. ಇದು ಓಡಲಿಲ್ಲ. ನನ್ನ ಮಗನ ಭಾರಕ್ಕೆ ಗಾಲಿಗಳು ಮಣ್ಣಿನಲ್ಲಿ ಊರಿಕೊಂಡು ಅವಳಿಗಾಗಿ ಕಾದವು. ಅವಳು ತಳ್ಳಿದಳು. ಗಾಡಿ ಕಿರ್ರೆಂದು ಒಂದಿಷ್ಟು ಸರಿಯಿತು, ಕಾಲು ಹಿಂದಿನಿಂದ ಬಂತು. ಇನ್ನೊಂದು ಕಾಲು ಬಂತು. ನನ್ನ ಮಗ ಚಪ್ಪಾಳೆ ಹೊಡೆಯುತ್ತಿದ್ದ. ಅಂಗಳದ ಬೇವಿನ ನೆರಳು ಅವರಿಬ್ಬರ ಮೇಲೆ ಚುಕ್ಕಿಚುಕ್ಕಿಯಾಗಿ ಹರಿದಾಡುತ್ತಿತ್ತು. ಆ ಹೊತ್ತು ಎಷ್ಟು ಉದ್ದವಾಗಿತ್ತೆಂದರೆ, ಈಗಲೂ ಕೆಲವೊಮ್ಮೆ ಅದರೊಳಗೆ ಹೋಗಿ ಸುತ್ತಾಡಿ ಬರಬಹುದು ಅನ್ನಿಸುತ್ತದೆ.

ಬೇವಿನ ಬುಡದವರೆಗೆ ಹೋಗಿ ಅವಳು ತಟ್ಟನೆ ಕೂತುಬಿಟ್ಟಳು.

"ಬಾರಬೇ, ಹೊರಗ ಬಾ ಜಲ್ದಿ!" ಎಂದು ಅವ್ವ ಒಳಗಿದ್ದ ಅಕ್ಕನನ್ನು ಕೂಗಿದಳು. ಅದು ಮಗು ನಡೆಯುವಾಗ ಕೂಗಿದ್ದೋ, ಕೂತ ಮೇಲೆ ಕೂಗಿದ್ದೋ? ನಾನೂ ಕೂಗಿದೆ, ಅಕ್ಕನ ಅತ್ತೆಯೂ ಕೂಗಿದರು. ಆ ದಿನ ಮಗು ಮತ್ತೆ ಏಳಲಿಲ್ಲ, ಎಷ್ಟು ಪುಸಲಾಯಿಸಿದರೂ ಇಲ್ಲ. ಮರುದಿನ ನಾವು ಹೊರಡುವವರೆಗೂ ಇಲ್ಲ. ಗಾಡಿಯನ್ನು ಅಲ್ಲೇ ಬಿಟ್ಟು ಬಂದೆವು. ಒಂದು ವಾರದ ಮೇಲೋ ಹತ್ತು ದಿನದ ಮೇಲೋ ಅಕ್ಕ ಫೋನು ಮಾಡಿ, "ಈಗ ಮನಿ ತುಂಬ ಅಡ್ಡಾಡಾಕತ್ಯಾಳ, ಹಿಡಿಯಾಕ ಆಗವಲ್ದು" ಎಂದಳು.

ತೊಟ್ಟಿ ಖಾಲಿ ಇರಬಾರದು ಎಂಬುದರ ಹಿಂದೆ ಈ ಭಾರದ ಲೆಕ್ಕವೇ ಇತ್ತೇನೋ ಎಂದು ಅವ್ವನಿಗೆ ಹೇಳಿದೆ. "ಅದೆಲ್ಲ ನನಗ ಗೊತ್ತಿಲ್ಲವ್ವಾ. ಹುಡುಗಿ ನಡದಳು, ಆತು" ಎಂದಳು. ಆದರೆ ನನಗೆ ಅದು ಅಲ್ಲಿಗೆ ಮುಗಿಯಲಿಲ್ಲ. ನನ್ನ ನೆನಪಿನಲ್ಲಿ ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ, ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದರಲ್ಲಿ ಚಹಾ ಸೋಸುವ ಜರಡಿ. ಅವಳ ಕಣ್ಣು ಮಗುವಿನ ಪಾದಗಳ ಮೇಲಿದೆ. ಅವ್ವ ಹೇಳುವುದು ಬೇರೆ: ಅಕ್ಕ ಬರುವಷ್ಟರಲ್ಲಿ ಮಗು ಕೂತಾಗಿತ್ತು, ಪಾಪ. ನನ್ನ ಮಗಳಂತೂ ದೊಡ್ಡವ್ವ ಹೊರಗೆ ಬರಲೇ ಇಲ್ಲ ಎಂದು ಸಾಧಿಸುತ್ತಾಳೆ. ಮೂವರೂ ಒಂದೇ ಅಂಗಳದಲ್ಲಿದ್ದೆವು. ಆ ಬಾಗಿಲ ಚಿತ್ರವನ್ನು ನಾನು ಕಂಡದ್ದೋ, ಅಕ್ಕನಿಗೆ ಹಾಗೆ ಆಗಿರಲಿ ಎಂಬ ಆಸೆಯಿಂದ ಬರೆದುಕೊಂಡದ್ದೋ ನಿರ್ಧರಿಸಲು ನನ್ನ ಬಳಿ ಏನೂ ಇಲ್ಲ.

ಹೋದ ದೀಪಾವಳಿಗೆ ಅಕ್ಕ ಅಫಜಲಪುರಕ್ಕೆ ಬಂದಿದ್ದಳು. ಮೂವರು ಮಕ್ಕಳೂ ಮಾಳಿಗೆಯ ಮೇಲೆ ಓಡುತ್ತಿದ್ದರು, ಅವರ ಕಾಲ ಸದ್ದು ಅಡುಗೆಮನೆಯ ಚಾವಣಿಯಿಂದ ನಮ್ಮ ಮೇಲೆ ಸುರಿಯುತ್ತಿತ್ತು. ಇದರಲ್ಲಿ ಯಾವ ಸದ್ದು ಯಾರದು ಎಂದು ಅಕ್ಕ ತಲೆಯೆತ್ತದೆಯೇ ಹೇಳುತ್ತಿದ್ದಳು. ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದವಳ ಎದುರಿಗೆ ಕೂತು ನಾನು ಕೇಳಿದೆ. ಅವಳು ಇನ್ನೊಂದು ಗಡ್ಡೆಯನ್ನು ಕೈಗೆತ್ತಿಕೊಂಡಳು. ಅಷ್ಟರಲ್ಲಿ ಮೇಲಿನಿಂದ ಯಾರೋ "ಯವ್ವಾ" ಎಂದು ಕೂಗಿದರು, ಅವಳು ಎದ್ದು ಹೋದಳು. ಆಮೇಲೆ ಫೋನಿನಲ್ಲಿಯೂ ಎಷ್ಟೋ ಸಲ ಮಾತಾಡಿದ್ದೇವೆ, ಆ ಮಾತನ್ನು ಅವಳೂ ಎತ್ತಿಲ್ಲ, ಎರಡನೇ ಸಲ ಕೇಳುವ ಧೈರ್ಯ ನನಗೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಕ್ಕಾ, ಅವತ್ತು ಆಕಿ ನಡದದ್ದು ನೀ ನೋಡಿದೇನು?"