ಸೂತ್ರವಿಲ್ಲದ ಐವತ್ತು

ಮಕ್ಕಳ ಬಾಯಲ್ಲಿ ಆಕೆ ‘ಸ್ಕೇಲ್ ಮಿಸ್’. ಇಪ್ಪತ್ತೆರಡು ವರ್ಷದಿಂದ ಗಣಿತ ಕಲಿಸುತ್ತಿರುವವಳು. ಆಕೆಯ ನೆರಳು ಕಂಡರೆ ಇಡೀ ತರಗತಿ ಗಪ್‌ಚುಪ್. ಅಂಥವಳಿಗೆ ಮೌಲ್ಯಮಾಪನ ಕೇಂದ್ರದ ಬಾಗಿಲು ಕಂಡರೆ ಕೈಕಾಲು ತಣ್ಣಗಾಗುತ್ತಿತ್ತು ಅಂದರೆ ನೀವು ನಂಬಬೇಕು. ಹೋದ ವರ್ಷ ಮಾದರಿ ಉತ್ತರ ಮೀರಿ ಅಂಕ ಕೊಟ್ಟದ್ದಕ್ಕೆ ಕಾರಣ ಕೇಳಿ ನೋಟಿಸ್ ಬಂದಿತ್ತು. “ಇನ್ನೊಂದ್ಸಲ ಹೀಗಾದ್ರೆ ನಿಮ್ಮನ್ನ ಪಾಠದಿಂದಲೇ ತೆಗೀತಾರೆ” ಎಂದು ಹೆಡ್‌ಮೇಷ್ಟ್ರು ಹೆದರಿಸಿದ್ದರು. ಪಾಠ ಬಿಟ್ಟರೆ ಆಕೆಗೆ ಇನ್ನೇನು ಬರುತ್ತದೆ, ಪಾಪ!

ಈ ಸಲ ಮೂರನೇ ದಿನ ಆ ಉತ್ತರಪತ್ರಿಕೆ ಕೈಗೆ ಬಂತು. ಎಲ್ಲ ಕೂಡಿದರೆ ಮೂವತ್ತೆರಡು; ಪಾಸಾಗಲು ಮೂವತ್ತೈದು ಬೇಕು. ಉಳಿದದ್ದು ಮೂರು ಅಂಕದ ಒಂದೇ ಲೆಕ್ಕ. ತ್ರಾಪಿಜ್ಯವೊಂದರ ಸಮಾನಾಂತರ ಬದಿಗಳು ಹನ್ನೆರಡು ಮತ್ತು ಎಂಟು, ಎತ್ತರ ಐದು, ವಿಸ್ತೀರ್ಣ ಎಷ್ಟು? ಮಗು ಸೂತ್ರ ಬರೆದಿರಲಿಲ್ಲ. ಆಕೃತಿ ಬಿಡಿಸಿ, ಪಕ್ಕಕ್ಕೆ ಅಂಥದ್ದೇ ಇನ್ನೊಂದನ್ನು ತಲೆಕೆಳಗಾಗಿ ಜೋಡಿಸಿ, ಎರಡೂ ಸೇರಿ ನೂರು, ಅದರಲ್ಲಿ ಅರ್ಧ ಐವತ್ತು ಎಂದು ಮುಗಿಸಿತ್ತು.

ಭಲೇ ಅನ್ನಿಸಿತು ಮಿಸ್‌ಗೆ. ಆ ಸೂತ್ರ ಹುಟ್ಟಿದ್ದೇ ಹೀಗಲ್ಲವೆ! ಈಗಷ್ಟೇ ಸೂತ್ರಕ್ಕೆ ಚೌಕಟ್ಟು ಹಾಕಿ, ಕೆಳಗೆ ಮನಸ್ಸಿಗೆ ಬಂದ ಸಂಖ್ಯೆಗಳನ್ನು ಗುಣಿಸಿಟ್ಟಿದ್ದ ಮಹಾಶಯನೊಬ್ಬನಿಗೆ ನಿಯಮದ ಪ್ರಕಾರ ಒಂದು ಅಂಕ ಕೊಟ್ಟಿದ್ದಳು. ಸೂತ್ರವಿಲ್ಲವೆಂದು ಇದಕ್ಕೆ ಸೊನ್ನೆಯೆ? ಮೂರು ಬರೆದೇಬಿಟ್ಟಳು.

ಮುಖ್ಯ ಪರೀಕ್ಷಕರು ಪ್ರತಿ ಕಟ್ಟಿನಿಂದ ಒಂದನ್ನು ಎಳೆದು ನೋಡುವುದು ವಾಡಿಕೆ. ಎಳೆದದ್ದು ಅದನ್ನೇ.

“ಏನ್ ಮೇಡಂ, ಇದು ಡ್ರಾಯಿಂಗ್ ಪರೀಕ್ಷೆನಾ? ಸೂತ್ರ ಎಲ್ಲಿ?”

“ಸರ್... ಮಗೂಗೆ ಅರ್ಥ ಆಗಿದೆ ಸರ್.”

“ಹೇಗೆ ಅಂತ ನಂಗೂ ಹೇಳಿ. ಸರಿ ಅನ್ಸಿದ್ರೆ ಮೂರೂ ಇರ್ಲಿ, ನಾನೇ ಸಹಿ ಹಾಕ್ತೀನಿ.”

ಕೋಣೆಯಲ್ಲಿದ್ದ ಮೂವತ್ತು ಜನ ಪೆನ್ನು ನಿಲ್ಲಿಸಿ ತಿರುಗಿದರು. ಹೇಳಬೇಕಾದದ್ದು ಇಷ್ಟೇ: ಎರಡನ್ನೂ ಜೋಡಿಸಿದರೆ ಉದ್ದ ಇಪ್ಪತ್ತು, ಎತ್ತರ ಐದು, ನಮಗೆ ಬೇಕಾದದ್ದು ಅರ್ಧ. ಆಕೆಗೆ ಅದು ಅಂಗೈ ನೆಲ್ಲಿಯಷ್ಟು ಸ್ಪಷ್ಟ. ಆದರೆ ಆ ನೋಟಿಸು ಕಣ್ಣಿಗೆ ಕಟ್ಟಿತು, ಭಯಕ್ಕೆ ನಾಲಿಗೆಯೇ ಹೊರಳಲಿಲ್ಲ. “ಇದು... ಈ ಕಡೆಯಿಂದ... ತಿರುಗಿಸಿ...” ಎಂದು ತೊದಲಿ ನಿಂತುಬಿಟ್ಟಳು.

“ಗೊತ್ತಿದ್ರೆ ಬಾಯಿಗೆ ಬರ್ತಿತ್ತು, ಮೇಡಂ” ಎಂದರು ಅವರು. ಬೋರ್ಡಿನ ಮುಂದೆ ನಡುಗುತ್ತ ನಿಂತ ಮಕ್ಕಳಿಗೆ ಇಷ್ಟು ವರ್ಷ ಆಕೆ ಹೇಳುತ್ತ ಬಂದ ಮಾತೂ ಅದೇ.

ಕೆಂಪು ಪೆನ್ನನ್ನು ಆಕೆಯ ಕೈಗೇ ಕೊಟ್ಟರು. ಮೂರನ್ನು ಹೊಡೆದುಹಾಕಿ, ಸೊನ್ನೆ ಬರೆದು, ಪಕ್ಕದಲ್ಲಿ ಸಹಿ ಮಾಡಿದಳು. ಮಗು ಮೂವತ್ತೆರಡಕ್ಕೇ ನಿಂತಿತು.